ಸವಡಿಹಾಳದ ತೆರೆದ ನಲ್ಲಿಗಳು

ಗುರುವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ, ಸವಡಿಹಾಳ ನಗರ ನೀರು ಸರಬರಾಜು ಕಚೇರಿಯ ನಿಯಂತ್ರಣ ಕೊಠಡಿಯಲ್ಲಿ ಇಂದುಮತಿ ಹೂಗಾರ ತನ್ನ ಅತ್ತೆಯ ದನಿ ಕೇಳಿದಳು. ದನಿ ಬಂದದ್ದು ಫೋನಿನಿಂದಲ್ಲ, ನೆಲದೊಳಗಿನ ಖಾಲಿ ಪೈಪಿನಿಂದ.

"ಉಪ್ಪು ಸಾಕೇನ್ರಿ?" ಎಂದಿತು ದನಿ. ಸ್ವಲ್ಪ ಬಿಟ್ಟು ತಾನೇ ಉತ್ತರ ಹೇಳಿಕೊಂಡಿತು: "ಹೂಂ, ನಿಮಗ ಎಂದ್ ಸಾಕಾಗೇತಿ."

ಇಂದುಮತಿ ಹೆಡ್‌ಫೋನ್ ತೆಗೆದು ಅದನ್ನೇ ದಿಟ್ಟಿಸಿದಳು. ಮತ್ತೆ ಹಾಕಿಕೊಂಡಳು. ಅವಳ ಮನೆ ಇದ್ದದ್ದು ಊರಿನ ಇನ್ನೊಂದು ತುದಿಯ ಹೂಗಾರ ಓಣಿಯಲ್ಲಿ. ಆ ಹೊತ್ತಿಗೆ ಮನೆಯಲ್ಲಿ ಇರುತ್ತಿದ್ದವಳು ಅತ್ತೆ ಫಕೀರವ್ವ ಒಬ್ಬಳೇ. ಗಂಡ ಮಂಜುನಾಥ ಬಸ್ ಡಿಪೋದಲ್ಲಿ. ಮಾವ ತೀರಿಕೊಂಡು ಆರು ವರ್ಷವಾಗಿತ್ತು. ಉಪ್ಪು ಸಾಕೇ ಎಂದು ಫಕೀರವ್ವ ಕೇಳಿದ್ದು ಅವರನ್ನು.

ಇಂದುಮತಿಯ ಕೆಲಸ ಸೋರಿಕೆ ಹುಡುಕುವುದು. ಸವಡಿಹಾಳದ ಹಳೆಯ ಪೈಪುಗಳು ಕೆರೆಯಿಂದ ಬಂದ ನೀರಿನಲ್ಲಿ ದೊಡ್ಡ ಪಾಲನ್ನು ಮಣ್ಣಿಗೇ ಕುಡಿಸುತ್ತಿದ್ದವು. ಹೊಸ ಪೈಪು ಹಾಕುವಾಗ ಅದರೊಳಗೆ ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಯನ್ನೂ ಊರ ತುಂಬ ಹಾಯಿಸಿದ್ದರು. ನಿಯಂತ್ರಣ ಕೊಠಡಿಯ ಪೆಟ್ಟಿಗೆಯೊಂದು ಆ ಎಳೆಯೊಳಗೆ ಲೇಸರ್ ಬೆಳಕನ್ನು ಮಿಡಿಮಿಡಿಯಾಗಿ ಬಿಡುತ್ತದೆ. ಎಷ್ಟೇ ಶುದ್ಧ ಗಾಜಾದರೂ ಕಣ್ಣಿಗೆ ಕಾಣದ ಏರುಪೇರು ಇದ್ದೇ ಇರುತ್ತದೆ. ಅವು ಒಂದಿಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತವೆ. ಎಳೆ ಎಲ್ಲಾದರೂ ಅಲುಗಿದರೆ, ಅಲ್ಲಿಂದ ಹಿಂದಿರುಗುವ ಬೆಳಕಿನ ಲಯ ಬದಲಾಗುತ್ತದೆ. ಹೀಗೆ ಎಳೆಯ ಒಂದೊಂದು ಮೊಳವೂ ಒಂದೊಂದು ಕಿವಿ. ಮೊದಲಿದ್ದ ಪೆಟ್ಟಿಗೆಗೆ ಲಾರಿ ಹೋದದ್ದು, ಗುದ್ದಲಿ ಬಿದ್ದದ್ದು ಕೇಳುತ್ತಿತ್ತು. ಯುಗಾದಿಯ ಹೊತ್ತಿಗೆ ಬಂದ ಹೊಸ ಪೆಟ್ಟಿಗೆ ಅದಕ್ಕಿಂತ ಸಾವಿರಾರು ಪಟ್ಟು ಸೂಕ್ಷ್ಮ. ಬಿರುಕಿನಿಂದ ನೀರು ಜಿನುಗುವ ಸದ್ದೂ ಅದಕ್ಕೆ ದಕ್ಕುತ್ತಿತ್ತು. ಆದರೆ ಮಾತು ಕೇಳುತ್ತದೆ ಎಂದು ಮಾರಿದವರು ಹೇಳಿರಲಿಲ್ಲ.

ಪರದೆಯ ನಕ್ಷೆಯಲ್ಲಿ ತನ್ನ ಮನೆಯ ಮೇಲೆ ನಿಂತಿದ್ದ ಕರ್ಸರನ್ನು ಪಕ್ಕಕ್ಕೆ ಸರಿಸಬೇಕಿತ್ತು. ಇಂದುಮತಿ ಸರಿಸಲಿಲ್ಲ.

"ಸೊಸಿ ಮಾಡಿಟ್ಟ ಸಾರು ನೀರ್ನೀರು ಐತಿ, ಉಣ್ರಿ ಸುಮ್ನ," ಎನ್ನುತ್ತಿದ್ದಳು ಫಕೀರವ್ವ. ತಾಟಿನ ಸದ್ದು, ಲೋಟದ ಸದ್ದು. "ಪೇಪರಿಗೆ ಬರಿಯೋ ಹುಡುಗಗ ಹೇಳಿಬಿಟ್ಟೇನ್ರಿ ನಾ. ಹೊಸ ಲೇಔಟಿನ್ಯಾಗ ದಿನಾ ನೀರು ಬರತೈತಿ, ಕಾರು ತೊಳೀತಾರ, ಹುಲ್ಲಿಗೆ ಹೊಡೀತಾರ ಅಂತ. ಹೂವು ಕೊಡಾಕ ಹೋದಾಗ ಕಣ್ಣಾರೆ ಕಂಡೀನಿ, ಸುಳ್ಳೇನೈತಿ?" ಆಮೇಲೆ ಸಣ್ಣ ದನಿಯಲ್ಲಿ: "ಕಣ್ಣಾರೆ ಅಂದ್ನಿ. ಒಂದ ಕಣ್ಣು. ಎಡಗಣ್ಣು ಕಾಣವಲ್ದರಿ ಈಗ. ಹುಡುಗೂರಿಗೆ ಹೇಳಿಲ್ಲ. ನೀವೂ ಹೇಳಬ್ಯಾಡ್ರಿ."

ಇಂದುಮತಿ ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟಳು. ಬಿಸಿ ತವಾ ಮುಟ್ಟಿದಂತೆ ಕೈ ಹಿಂದೆ ಸರಿಯಿತು.

ಪಕ್ಕದ ಮೇಜಿನ ರಿಯಾಜ್ ನದಾಫನನ್ನು ಕರೆದಳು. ಪೆಟ್ಟಿಗೆಯ ತಂತ್ರಾಂಶ ನೋಡಿಕೊಳ್ಳುತ್ತಿದ್ದವನು ಅವನು. ಯಾರ ದನಿ ಎಂದು ಹೇಳಲಿಲ್ಲ. ಕೇಳುತ್ತದೆ ಎಂದಷ್ಟೇ ಹೇಳಿದಳು.

"ಆಗಾಕ ಸಾಧ್ಯಾನ ಇಲ್ರಿ ಅಕ್ಕಾರ," ಎಂದ ಅವನು. "ಇದೇ ಪೆಟಿಗಿ ದೊಡ್ಡ ದೊಡ್ಡ ಊರಾಗ ಹಚ್ಯಾರ. ಎಲ್ಲೂ ಮಾತು ಬಂದಿಲ್ಲ."

"ಆ ಊರಾಗ ಇಪ್ಪತ್ನಾಲ್ಕು ತಾಸು ನೀರು ಬರತೈತಿ, ರಿಯಾಜ್. ಪೈಪು ತುಂಬಿರತೈತಿ."

ರಿಯಾಜ್ ತನ್ನ ಕುರ್ಚಿಯನ್ನು ಅವಳ ಪರದೆಯ ಮುಂದೆ ಎಳೆದುಕೊಂಡ.

ಕಾರಣ ಅಷ್ಟೇ ಇತ್ತು. ಗಾಳಿಯಲ್ಲಿ ಹುಟ್ಟಿದ ಸದ್ದು ನೀರಿನೊಳಗೆ ಇಳಿಯುವುದಿಲ್ಲ. ಸಾವಿರ ಪಾಲಿನಲ್ಲಿ ಒಂದು ಪಾಲು ಇಳಿದರೆ ಹೆಚ್ಚು, ಉಳಿದದ್ದು ಮೇಲ್ಮೈಗೆ ತಾಗಿ ಹಿಂದಿರುಗುತ್ತದೆ. ಆದರೆ ಸವಡಿಹಾಳದಲ್ಲಿ ನೀರು ಬರುವುದು ಎಂಟು ದಿನಕ್ಕೊಮ್ಮೆ, ಮುಕ್ಕಾಲು ತಾಸು. ಯಾವ ಹೊತ್ತಿಗೆ ಎಂಬುದು ದೇವರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಊರಿನ ಪ್ರತಿ ಮನೆಯಲ್ಲೂ ನಲ್ಲಿಯನ್ನು, ಇಲ್ಲಿಯವರ ಬಾಯಲ್ಲಿ ನಳವನ್ನು, ತೆರೆದೇ ಇಡುತ್ತಾರೆ. ಕೆಳಗೊಂದು ಸ್ಟೀಲ್ ತಾಟು ಬೋರಲು ಹಾಕಿರುತ್ತಾರೆ. ಗಾಳಿ ಬುಸುಗುಟ್ಟಿ ಮೊದಲ ಹನಿ ತಾಟಿಗೆ ಬಿದ್ದರೆ, ಎಲ್ಲಿದ್ದರೂ ಓಡಿ ಬರಬೇಕು. ಎಂಟರಲ್ಲಿ ಏಳು ದಿನ ಖಾಲಿ ಪೈಪು, ಅದರ ತುದಿಯಲ್ಲಿ ತೆರೆದ ಬಾಯಿ, ಒಳಗೆ ಗಾಜಿನ ಎಳೆ. ಇಡೀ ಊರು ತನಗೇ ಗೊತ್ತಿಲ್ಲದೆ ಕಹಳೆಯ ಬಾಯಿಗೆ ಮುಖವಿಟ್ಟು ಮಾತಾಡುತ್ತಿತ್ತು. ನಲ್ಲಿ ಮುಚ್ಚಿಡುವ ಊರಿನಲ್ಲಿ ಇದು ಯಾರಿಗೂ ತಿಳಿಯುತ್ತಿರಲಿಲ್ಲ.

ಪೆಟ್ಟಿಗೆಯ ಸೋಸುವಿಕೆಯನ್ನು ಸೋರಿಕೆಯ ಸದ್ದಿನಿಂದ ಮನುಷ್ಯರ ದನಿಗೆ ತಿರುಗಿಸಲು ರಿಯಾಜನಿಗೆ ಸಂಜೆಯಾಯಿತು. ಆಮೇಲೆ ಅವನು ಒಂದು ಓಣಿಯಲ್ಲ, ಇಡೀ ಊರನ್ನು ಒಟ್ಟಿಗೆ ತೆರೆದ.

ಮಳೆ ಬರುತ್ತಿದೆ ಎಂದುಕೊಂಡಳು ಇಂದುಮತಿ. ಮಳೆಯಲ್ಲ, ಸಾವಿರಾರು ಮನೆಗಳಲ್ಲಿ ರೊಟ್ಟಿ ಬಡಿಯುತ್ತಿದ್ದ ಸದ್ದು. ಅಂಗೈ, ರೊಟ್ಟಿ ತಟ್ಟುವ ಮರದ ಕೊಮಣಿಗೆಗೆ ಬೀಳುವ ತಟತಟ ಒಂದಕ್ಕೊಂದು ಸೇರಿ ಊರಗಲದ ಹನಿಯಾಗಿತ್ತು. ಅದರ ಕೆಳಗೆ ಮಗ್ಗಿ ಒಪ್ಪಿಸುತ್ತಿದ್ದ ಮಕ್ಕಳು, ಹೊಲಿಗೆ ಯಂತ್ರಗಳು, ಮಗ್ಗದ ಲಾಳಿ, ಯಾರದೋ ಕೆಮ್ಮು, ಯಾರದೋ ಹುಸಿಮುನಿಸು, ಮಸೀದಿಯ ಕರೆ, ಮಠದ ಗಂಟೆ. ಒಬ್ಬಳು ಅಳುತ್ತಿದ್ದಳು. ಒಬ್ಬ ಅಡುಗೆಮನೆಯಲ್ಲಿ ನಿಂತು ನಾಳೆ ಸಾಹುಕಾರನಿಗೆ ಹೇಳಬೇಕಾದ ಮಾತನ್ನು ಮತ್ತೆ ಮತ್ತೆ ಹೇಳಿ ರೂಢಿ ಮಾಡಿಕೊಳ್ಳುತ್ತಿದ್ದ. ಲಕ್ಷ ಜನ ಒಂದೇ ಮೈಯಾಗಿ ಉಸಿರಾಡುವುದನ್ನು ಇಂದುಮತಿ ಮೊದಲ ಸಲ ಕೇಳಿದಳು. ಹುಟ್ಟಿದೂರು ಇಷ್ಟು ದೊಡ್ಡದು, ಇಷ್ಟು ಮೆತ್ತಗಿನದು ಎಂದು ಅವಳಿಗೆ ತಿಳಿದೇ ಇರಲಿಲ್ಲ. ಕೇಳಬಾರದು ಎಂದು ಗೊತ್ತಿತ್ತು. ಕಿವಿ ತೆಗೆಯಲೂ ಆಗುತ್ತಿರಲಿಲ್ಲ.

"ಸೋರಿಕಿ ಹುಡುಕು ಅಂದಿದ್ರು," ರಿಯಾಜ್ ಪಿಸುಗುಟ್ಟಿದ. "ಊರ ಸೋರಾಕತ್ತೈತಲ್ರಿ ಅಕ್ಕಾರ."

ಶುಕ್ರವಾರ ಬೆಳಗ್ಗೆ ಕಾರ್ಯನಿರ್ವಾಹಕ ಇಂಜಿನಿಯರ್ ವಿರೂಪಾಕ್ಷ ಕೌಜಲಗಿಗೆ ವಿಷಯ ತಿಳಿಸಿದರು. ದೋಷ ಕಂಡರೆ ಮೇಲಿನವರಿಗೆ ತಿಳಿಸಬೇಕೆಂಬುದು ನಿಯಮ. ಇದು ದೋಷವೆಂದೇ ಇಂದುಮತಿ ತಿಳಿದಿದ್ದಳು.

ಕೌಜಲಗಿ ಕೆಟ್ಟ ಮನುಷ್ಯನಲ್ಲ. ಪ್ರವಾಹದ ವರ್ಷ ಪಂಪ್‌ಹೌಸಿನಲ್ಲಿ ಎದೆಯುದ್ದ ನೀರಿನಲ್ಲಿ ನಿಂತು ಮೋಟಾರು ಉಳಿಸಿದವನು. ಹೆಡ್‌ಫೋನ್ ಹಾಕಿಕೊಂಡು ಒಂದು ಮಗು ಎರಡರ ಮಗ್ಗಿ ಹೇಳುವುದನ್ನು ಕೊನೆಯವರೆಗೂ ಕೇಳಿದ. ಮಗು ಹದಿನಾಲ್ಕರ ಬದಲು ಹದಿನೈದು ಎಂದಾಗ "ತಪ್ಪಿತು!" ಎಂದು ನಕ್ಕ.

"ಎಂಥಾ ಯಂತ್ರಾರೀ ಇದು," ಎಂದ. "ಬೆಂಕಿ ಬಿದ್ರ ಗೊತ್ತಾಗತೈತಿ. ಕಳವು ಆದ್ರ ಗೊತ್ತಾಗತೈತಿ. ಗಂಡ ಹೆಂಡತೀನ ಹೊಡದ್ರ ಗೊತ್ತಾಗತೈತಿ." ಹೆಡ್‌ಫೋನ್ ತೆಗೆದಿಟ್ಟ. "ರಿಯಾಜ್, ನನ್ನ ಹೆಸರು ಎಲ್ಲೆಲ್ಲಿ ಬಂದೈತಿ, ತೋರಿಸಾಕ ಬರತೈತೇನು?"

ಬರುತ್ತಿತ್ತು. ಮಾತನ್ನು ಅಕ್ಷರಕ್ಕಿಳಿಸುವ ತಂತ್ರಾಂಶ ಯಾರ ಫೋನಿನಲ್ಲೂ ಸಿಗುವ ಕಾಲ. ರಿಯಾಜ್ ಅದನ್ನು ಹಚ್ಚಿದ ಕೂಡಲೇ ಊರಿನ ನಕ್ಷೆಯ ಮೇಲೆ ಕೆಂಪು ಚುಕ್ಕೆಗಳು ದಡಾರದಂತೆ ಎದ್ದವು.

"ನೋಡ್ರಿ," ಕೌಜಲಗಿಯ ಮುಖ ಅರಳಿತು. "ಜನಾ ನೆನಸ್ತಾರ. ಒಂದು ಹಚ್ಚು."

ರಿಯಾಜ್ ಇಂದುಮತಿಯ ಮುಖ ನೋಡಿ, ಒಂದು ಚುಕ್ಕೆ ಒತ್ತಿದ. ಗಂಡಸೊಬ್ಬನ ದನಿ ಕೊಠಡಿಯನ್ನೆಲ್ಲ ತುಂಬಿತು: "ಆ ಕೌಜಲಗಿ ಬಾಯಾಗ ಹುಳ ಬೀಳ್ಲಿ, ಮಾರಿ ತೊಳಕೊಳ್ಳಾಕೂ ನೀರ ಸಿಗಬಾರ್ದು ಅವಗ!"

ಮತ್ಯಾವ ಚುಕ್ಕೆಯನ್ನೂ ಒತ್ತುವಂತೆ ಕೌಜಲಗಿ ಹೇಳಲಿಲ್ಲ. ಕುರ್ಚಿಗೆ ಒರಗಿ ಕೂತವನು ಮತ್ತೆ ಮಾತಾಡಿದಾಗ ದನಿ ಬೇರೆಯಾಗಿತ್ತು.

"ಹೋದ ವಾರ ಪೇಪರ್ನ್ಯಾಗ ಬಂತಲ್ಲ, ಲೇಔಟಿಗೆ ದಿನಾ ನೀರು ಬಿಡ್ತಾರಂತ. ಅದು ಯಾರ ಮನಿಯಿಂದ ಹೊಂಟಿದ್ದು ಅನ್ನೂದು ನನಗ ಬೇಕು. ಅವರ ಮನಿ ಕನೆಕ್ಷನ್ ಕಾಗದಪತ್ರ ಸರಿ ಅದಾವೋ ಇಲ್ಲೋ ನೋಡಬೇಕಲ್ಲ."

"ಸರ್, ಇದು ಮಂದಿ ಮನ್ಯಾಗಿನ ಮಾತು," ಎಂದಳು ಇಂದುಮತಿ.

"ಪೈಪು ನಮ್ದು. ಪೈಪಿನ್ಯಾಗ ಬಿದ್ದ ಸದ್ದೂ ನಮ್ದು."

"ಬಾವ್ಯಾಗ ಬಿದ್ದ ಕೊಡ ಬಾವಿ ಮಾಲಕಂದ ಆಗತೈತೇನ್ರಿ ಸರ್?"

ಕೌಜಲಗಿ ಸೋಮವಾರದ ಮಾತಿಗೆ ಹೋದ. ಇಲಾಖೆಯ ಕಾರ್ಯದರ್ಶಿ ಸೋಮವಾರ ಯೋಜನೆ ನೋಡಲು ಬರುವವರಿದ್ದರು. ಜಾಗ ಸಾಲದೆ ಪೆಟ್ಟಿಗೆಯ ದಾಖಲೆ ಮೂರು ದಿನಕ್ಕೆ ತಾನಾಗಿ ಅಳಿಯುತ್ತಿತ್ತು. ಎಲ್ಲವನ್ನೂ ಶಾಶ್ವತವಾಗಿ ಇಡುವ ಸಂಗ್ರಹಕ್ಕೆ ಅಂದೇ ಮಂಜೂರಾತಿ ಕೇಳುವುದು ಅವನ ಯೋಚನೆ. ಕೇಳಿದ್ದು ಸಿಕ್ಕರೆ ಸವಡಿಹಾಳದ ಒಂದು ಮಾತೂ ಮುಂದೆ ಅಳಿಯುವುದಿಲ್ಲ.

"ಎಲ್ಲಕ್ಕಿಂತ ಚೊಕ್ಕ ಕೇಳೂದು ಯಾವುದು? ಅದನ್ನ ಮೇಡಂಗೆ ಕೇಳಿಸೂಣು."

ಯಂತ್ರವೇ ಆರಿಸಿಕೊಟ್ಟಿತು: ಹೂಗಾರ ಓಣಿ, ಮುಖ್ಯ ಪೈಪಿನ ನೇರ ಮೇಲಿದ್ದ ಒಂದು ಮನೆ.

"ಸರ್," ಎಂದಳು ಇಂದುಮತಿ. "ಅದು ನಮ್ಮನಿ."

"ಮತ್ತೂ ಚಲೋ ಆತು. ಬ್ಯಾರೆ ಮಂದೀದು ಆದ್ರ ತಕರಾರು ಬರತೈತಿ. ಎರಡು ತಾಸು ನಿಮ್ಮತ್ತಿ ಮಾತು ಕೇಳಿದ್ರ ಯಾರ ಗಂಟು ಹೋಗತೈತಿ?"

ಅಂದು ಸಂಜೆ ಮನೆಗೆ ಬಂದ ಇಂದುಮತಿ ಚೀಲ ಇಳಿಸುವ ಮೊದಲೇ ಅಡುಗೆಮನೆಯ ಮೂಲೆಗೆ ಹೋಗಿ ನಲ್ಲಿ ತಿರುಗಿಸಿ ಮುಚ್ಚಿದಳು.

"ಏ, ಏ!" ಫಕೀರವ್ವ ಪಡಸಾಲೆಯಲ್ಲಿ ಸೇವಂತಿಗೆ ಕಟ್ಟುತ್ತಿದ್ದಳು. "ನಳಾ ಯಾಕ ಬಂದ್ ಮಾಡ್ತೀಯವ್ವಾ? ಬ್ಯಾಸಗ್ಯಾಗ ನೀರು ತಪ್ಪಿದ್ರ ಮತ್ತ ಎಂಟು ದಿನ ನಿಮ್ಮಪ್ಪ ತಂದು ಹಾಕ್ತಾನೇನು?"

ಇಂದುಮತಿ ಅತ್ತೆಯ ಎದುರಿಗೆ ಕೂತು ಎಲ್ಲ ಹೇಳಿದಳು. ಬೆಳಕು, ಗಾಜಿನ ಎಳೆ, ಖಾಲಿ ಪೈಪು, ಸೋಮವಾರ. ಫಕೀರವ್ವನ ಕೈಯಲ್ಲಿ ದಾರ ನಿಂತಿತು.

"ಎಷ್ಟು ಕೇಳ್ದಿ ನೀ?"

"ಕೇಳಬಾರದಷ್ಟು."

"ಪೇಪರಿಂದು?"

"ಹೂಂ."

"ಸಾರು ನೀರ್ನೀರು ಅಂದಿದ್ದು?"

"ಅದನ್ನೂ ಕೇಳೀನ್ರಿ."

"ಅದು ಖರೇ ಐತಿ ಬಿಡು." ಫಕೀರವ್ವ ಹೂವಿನ ಕಡೆ ನೋಡುತ್ತ ಕೇಳಿದಳು: "ಕಣ್ಣಿಂದು?"

ಇಂದುಮತಿ ತಲೆಯಾಡಿಸಿದಳು. ಅತ್ತೆ ಎಡಗಡೆಯಿಂದ ತನ್ನನ್ನು ನೋಡುತ್ತಿಲ್ಲ, ಮುಖವನ್ನೇ ತಿರುಗಿಸಿ ಬಲಗಣ್ಣಿನಿಂದ ನೋಡುತ್ತಿದ್ದಾಳೆ ಎಂಬುದು ಈಗ ಕಂಡಿತು. ಒಂದೇ ಮನೆಯಲ್ಲಿದ್ದು ಇಷ್ಟು ದಿನ ಕಂಡಿರಲಿಲ್ಲ.

"ಡಾಕ್ಟರಿಗೆ ತೋರಿಸೂಣ್ರಿ ಅತ್ತೀ. ನಾಳೇನ..."

"ಸುಮ್ನಿರು." ದನಿ ಏರಲಿಲ್ಲ. "ನಾ ನಿನಗ ಹೇಳಿರಲಿಲ್ಲ. ಅವರಿಗೆ ಹೇಳಿದ್ನಿ. ಅವರು ಯಾರ ಮುಂದೂ ಆಡೂದಿಲ್ಲ ಅನ್ನೂದು ನನಗ ಗೊತ್ತಿತ್ತು. ನಾ ಹೇಳೋ ದಿನ ಒಂದಿತ್ತು ಇಂದವ್ವಾ. ಅದನ್ನ ನಿಮ್ಮ ಪೆಟಿಗಿ ಕಸಗೊಂಡ್ತು."

ಆ ರಾತ್ರಿ ಊಟಕ್ಕೆ ಕೂತಾಗ ಫಕೀರವ್ವ ಒಂದು ಮಾತೂ ಆಡಲಿಲ್ಲ. ಮಗ ಕೇಳಿದ್ದಕ್ಕೆ ಕೈಯಲ್ಲೇ ಸನ್ನೆ ಮಾಡಿದಳು. ನಲ್ಲಿ ಮುಚ್ಚಿತ್ತು. ಆದರೂ ಅವಳು ಅದರ ಕಡೆ ನೋಡುತ್ತಿದ್ದಳು. ತಾಟು ತೊಳೆಯುವಾಗ, ಹಾಲು ಕಾಸುವಾಗ, ಹೂವಿಗೆ ಒದ್ದೆ ಅರಿವೆ ಹೊದಿಸುವಾಗ ಏನಾದರೊಂದು ಗೊಣಗುತ್ತಲೇ ಇರುತ್ತಿದ್ದ ಹೆಂಗಸು ಮೂಗಿಯಂತೆ ಓಡಾಡಿದಳು. ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ಮಾತು ಹೆಚ್ಚಾಯಿತೆಂದು ಇಂದುಮತಿ ಬೇಸರಪಟ್ಟದ್ದುಂಟು. ಮಾತು ಹೋದ ಮನೆ ಹೇಗಿರುತ್ತದೆ ಎಂದು ಅವಳು ಕಂಡದ್ದು ಅಂದು. ಸೋಮವಾರದ ನಂತರ ಪ್ರತಿ ಮನೆಯೂ ಹೀಗೇ ಆಗುತ್ತದೆ ಎಂದು ಅವಳಿಗೆ ಅನಿಸಿತು.

ಬೆಳಗ್ಗೆ ಫಕೀರವ್ವ ಸೊಸೆಯ ಮುಂದೆ ಬಂದು ನಿಂತಳು. "ನಡಿ ಚೌಕಕ್ಕ," ಎಂದಳು. "ನನಗ ಹೇಳಿದ್ದನ್ನ ಎಲ್ಲಾರಿಗೂ ಹೇಳು. ನೌಕರಿ ಹೋದ್ರ ಹೂವು ಕಟ್ಟಾಕ ಕಲಸ್ತೇನಿ."

ಓಣಿಯ ಚೌಕದಲ್ಲಿ ಸಾರ್ವಜನಿಕ ನಲ್ಲಿಯ ಕಟ್ಟೆಯಿತ್ತು. ಹೆಂಗಸರು ಸೇರಿದರು. ಇಂದುಮತಿ ಹೇಳಿ ಮುಗಿಸಿದಾಗ ಮೊದಲು ನಗು ಎದ್ದಿತು. ಆಮೇಲೆ ಒಬ್ಬೊಬ್ಬರೂ ತಮ್ಮ ಮನೆಯಲ್ಲಿ ಈ ವಾರ ಆಡಿದ್ದನ್ನು ನೆನೆಸಿಕೊಂಡರು. ನಗು ನಿಂತಿತು.

"ಬಟ್ಟಿ ತುರುಕಿದ್ರ?" ಎಂದು ಒಬ್ಬಳು ಕೇಳಿದಳು.

"ದನಿ ಕಮ್ಮಿ ಆಗತೈತಿ, ಹೋಗೂದಿಲ್ಲ."

"ಹಂಗಾರ ದಿನಪೂರ್ತಿ ನಳದ ಮುಂದ ಟಿವಿ ಹಚ್ಚಿಡೂಣು," ಎಂದಳು ಚಾಂದಬೀ. ಓಣಿಯ ತುದಿಯಲ್ಲಿ ಗಾದಿ ಹೊಲಿಯುವವಳು, ಫಕೀರವ್ವನ ಜೊತೆ ಜಗಳವೂ ಗೆಳೆತನವೂ ನಲವತ್ತು ವರ್ಷದ್ದು. "ಅತ್ತಿ-ಸೊಸಿ ಧಾರಾವಾಹಿ ಕೇಳಿ ಕೇಳಿ ಸಾಯ್ಲಿ ಅವರು."

"ಟಿವಿ ಬ್ಯಾರೆ, ನೀವು ಬ್ಯಾರೆ ಅಂತ ಯಂತ್ರ ವಿಂಗಡಸ್ತೈತ್ರಿ ಚಾಂದಬೀ."

"ಮುಚ್ಚಿಬಿಡ್ರಿ ಮತ್ತ! ಅದಕ್ಯಾಕ ಸಭಾ?"

"ಮುಚ್ಚಿದ್ರ ನೀರು ಬಂದದ್ದು ಹೆಂಗ ಗೊತ್ತಾಗಬೇಕು?" ಇನ್ನೊಬ್ಬಳು ರೇಗಿದಳು. "ಮಾನ ಉಳಸ್ಕೋಬೇಕಂದ್ರ ನೀರು ಬಿಡಬೇಕು, ನೀರು ಬೇಕಂದ್ರ ಮಾನ ಬಿಡಬೇಕು. ಕೂಸಿಗೆ ಏನು ಕುಡಸ್ಲಿ, ಮಾನಾನ?"

ನೀರು ಯಾವಾಗ ಬರುತ್ತದೆಂದು ಇಂದುಮತಿಯೂ ಹೇಳುವಂತಿರಲಿಲ್ಲ. ಕೆರೆಯ ಪಂಪ್‌ಹೌಸಿಗೆ ಕರೆಂಟು ಬಂದ ಹೊತ್ತಿಗೆ ಪಂಪು ಹೊರಡುತ್ತಿತ್ತು, ಅಷ್ಟೆ.

ಚಾಂದಬೀ ಕಟ್ಟೆಯ ನಲ್ಲಿಯನ್ನೇ ನೋಡುತ್ತಿದ್ದಳು. "ಓಣ್ಯಾಗ ನೀರು ಮೊದ್ಲ ಎಲ್ಲಿ ಬರತೈತಿ?"

"ಇಲ್ಲೇ. ಚೌಕ ತಗ್ಗಿನ್ಯಾಗೈತಿ."

"ಮತ್ತ ಇಷ್ಟು ನಳ ಯಾಕ ತೆರದಿಡಬೇಕು? ಇದೊಂದು ತೆರದಿರ್ಲಿ. ಸರದಿ ಮ್ಯಾಲ ಒಬ್ರು ಇಲ್ಲಿ ಕೂಡ್ರೂದು. ನೀರು ಬುಸ್ ಅಂದಕೂಡ್ಲೇ ತಾಟು ಬಡದ್ರಾತು, ಎಲ್ಲಾರೂ ಮನ್ಯಾಗ ನಳಾ ತಿರುವ್ತಾರ. ಇಲ್ಲಿ ಕೂತೋರು ಏನಾರ ಗುಟ್ಟು ಮಾತಾಡಿದ್ರ ಅವರ ಹಣೆಬಾರ."

ಅವತ್ತೇ ಮೊದಲ ಸರದಿ ಚಾಂದಬೀ ಕೂತಳು. ಗಾದಿ ಹೊಲಿಯುವ ಸೂಜಿಯನ್ನು ಅಲ್ಲಿಗೇ ತಂದಳು.

ಉಳಿದದ್ದು ಉಳಿದ ಊರು. ಫೋನಿನಲ್ಲಿ ಹೇಳಬಾರದು ಎಂದು ಫಕೀರವ್ವ ಕಟ್ಟುನಿಟ್ಟಾಗಿ ಹೇಳಿದಳು. ನಳಕ್ಕೇ ಕಿವಿಯಿದ್ದ ಮೇಲೆ ಫೋನಿಗೆಷ್ಟಿವೆಯೋ. ಅದರ ಅಗತ್ಯವೂ ಇರಲಿಲ್ಲ. ಸವಡಿಹಾಳದ ಹೂಗಾರ ಮನೆತನಗಳು ಊರಿನ ಓಣಿಗಳನ್ನು ಅಜ್ಜ ಮುತ್ತಜ್ಜರ ಕಾಲದಿಂದ ಹಂಚಿಕೊಂಡಿವೆ. ಒಬ್ಬರ ಓಣಿಗೆ ಇನ್ನೊಬ್ಬರು ಹೂವು-ಪತ್ರಿ ಕೊಡುವಂತಿಲ್ಲ. ಬೆಳಗಾದರೆ ಎಲ್ಲರ ಬುಟ್ಟಿಗಳೂ ಹೊರಡುತ್ತವೆ. ಮನೆಗಳಿಗೆ, ಗುಡಿಗಳಿಗೆ, ದರ್ಗಾಕ್ಕೆ. ಹೂವು ಮುಟ್ಟದ ಓಣಿಯೇ ಊರಲ್ಲಿಲ್ಲ.

ಭಾನುವಾರ ಕೌಜಲಗಿ ಕಚೇರಿಗೆ ಬರುತ್ತಿರಲಿಲ್ಲ; ಬೆಳಗಿನ ಪಾಳಿ ಇಂದುಮತಿಯದು. ನಕ್ಷೆಯ ಮೇಲೆ ತೆರೆದ ನಲ್ಲಿಗಳೆಲ್ಲ ಹಳದಿ ಚುಕ್ಕೆಗಳಾಗಿ ಹರಡಿದ್ದವು, ಬೆಳದಿಂಗಳಿಲ್ಲದ ರಾತ್ರಿಯ ಆಕಾಶದಂತೆ. ಹೂಗಾರ ಓಣಿಯಲ್ಲಿ ಮಾತ್ರ ಒಂದೇ ಚುಕ್ಕೆ. ಏಳರ ಹೊತ್ತಿಗೆ ಪೇಟೆಯ ಅಂಚಿನಲ್ಲೊಂದು ಆರಿತು. ಅದರ ಪಕ್ಕದ್ದು ಆರಿತು. ಆಮೇಲೆ ಮನೆ ಮನೆ ಹಿಡಿದು ಸಾಲಾಗಿ ಆರುತ್ತ ಬಂದವು. ಯಾವ ಹೊಸ್ತಿಲಲ್ಲಿ ಯಾರ ಬುಟ್ಟಿ ಇಳಿದಿದೆ ಎಂದು ಅವಳು ಕೂತಲ್ಲಿಂದಲೇ ಹೇಳಬಹುದಿತ್ತು. ಹೆಡ್‌ಫೋನ್ ಮುಟ್ಟಲಿಲ್ಲ. ಅವು ಆರುವುದನ್ನು ಕಣ್ಣಿನಿಂದಷ್ಟೇ ನೋಡಿದಳು. ಸೋನಾರ ಓಣಿ, ನೇಕಾರರ ಪೇಟೆ, ಕಿಲ್ಲೆ, ದರ್ಗಾದ ಸುತ್ತಿನ ಮನೆಗಳು. ದೊಡ್ಡದೊಂದು ಕೈ ಊರಿನ ಮೇಲೆ ಸಾವಕಾಶವಾಗಿ ಸವರಿ ಹೋದಂತಿತ್ತು. ಪ್ರತಿ ಓಣಿಯಲ್ಲೂ ಒಂದೇ ಒಂದು ಚುಕ್ಕೆ ಉಳಿಯುತ್ತಿತ್ತು. ತಗ್ಗಿನ ಚೌಕದ್ದು.

ಮಧ್ಯಾಹ್ನ ಎಲ್ಲ ಸ್ತಬ್ಧ. ಆಗ ರಿಯಾಜ್ ತನ್ನ ಹೆಡ್‌ಫೋನನ್ನು ಅವಳ ಕೈಗೆ ಕೊಟ್ಟ. "ಕೇಳ್ರಿ. ಮಂದೀದಲ್ಲ."

ಮಾತು ನಿಂತ ಮೇಲೆ ನೆಲ ಕೇಳಿಸುತ್ತಿತ್ತು. ದೂರದ ಗೂಡ್ಸ್ ರೈಲಿನ ತೂಕ. ಬಿಸಿಲಿಗೆ ಹಿಗ್ಗುವ ಬಂಡೆಯ ಟಕ್ಕೆಂಬ ಸದ್ದು. ಯಾವುದೋ ಮರದ ಬೇರು ಪೈಪಿಗೆ ಒತ್ತುವ, ಇದೆಯೋ ಇಲ್ಲವೋ ಎಂಬಂಥ ಕಿರಕಿರ. ಮತ್ತು ಕೆರೆಯಿಂದ ಬರುವ, ಸದಾ ತುಂಬಿದ ದೊಡ್ಡ ಪೈಪಿನಲ್ಲಿ ಮೂರು ಕಡೆ ನೀರು ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ಊರಿನ ಗದ್ದಲದಲ್ಲಿ ಈವರೆಗೆ ಯಾರಿಗೂ ಸಿಗದ ಸೋರಿಕೆಗಳು ಅವು. ಇಂದುಮತಿ ಮೂರನ್ನೂ ಗುರುತು ಹಾಕಿದಳು. ಪೆಟ್ಟಿಗೆಯನ್ನು ತಂದದ್ದು ಇದಕ್ಕಾಗಿ.

ಸೋಮವಾರ ಕಾರ್ಯದರ್ಶಿ ಬಂದರು. ಬೆಂಗಳೂರಿನವರು, ಐವತ್ತು ದಾಟಿದ ಹೆಂಗಸು, ಹತ್ತಿ ಸೀರೆ, ಕಡಿಮೆ ಮಾತು. ಕೌಜಲಗಿ ಮುಕ್ಕಾಲು ಗಂಟೆ ವಿವರಿಸಿ, ಹೆಡ್‌ಫೋನನ್ನು ತಾನೇ ಅವರ ಕೈಗೆ ಕೊಟ್ಟ.

ಅವರು ಕೇಳಿದರು. ಕಾದರು. "ಏನ್ರೀ ಇದು? ಏನೂ ಕೇಳಿಸ್ತಾನೇ ಇಲ್ವಲ್ಲ."

ಕೌಜಲಗಿ ರಿಯಾಜನ ಕಡೆ ತಿರುಗಿದ. ರಿಯಾಜ್ ನಕ್ಷೆಯನ್ನು ದೊಡ್ಡದು ಮಾಡಿದ. ಊರು ಕಪ್ಪಾಗಿತ್ತು.

"ಕೆಟ್ಟೈತೇನು ಯಂತ್ರ?"

"ಇಲ್ರಿ ಸರ್. ನಳ ಮುಚ್ಯಾವ. ಓಣಿಗೊಂದು ಮಾತ್ರ ತೆರದೈತಿ."

"ಹಚ್ಚು ಅದನ್ನ."

ರಿಯಾಜ್ ಹೂಗಾರ ಓಣಿಯ ಚೌಕವನ್ನು ಒತ್ತಿ, ದನಿಯನ್ನು ಸ್ಪೀಕರಿಗೆ ಬಿಟ್ಟ. ಕೋಳಿಯೊಂದು ಕೆದರುವ ಸದ್ದು, ಬಳೆಗಳ ಸದ್ದು. ಆಮೇಲೆ, ಯಾರೋ ಬಗ್ಗಿ ನಲ್ಲಿಗೆ ಬಾಯಿಟ್ಟಷ್ಟು ಹತ್ತಿರದಿಂದ:

"ನಮಸ್ಕಾರ್ರಿ ಸರ್ಕಾರದೋರ. ಕೇಳಾಕತ್ತೀರಿ ಅಂತ ಗೊತ್ತೈತಿ. ನನ್ನ ಹೆಸರು ಫಕೀರವ್ವ ಹೂಗಾರ. ಇದ ಓಣಿ. ಹೊಸ ಲೇಔಟಿಗೆ ದಿನಾ ನೀರು ಬರತೈತಿ, ನಮಗ ಎಂಟು ದಿನಕ್ಕೊಮ್ಮೆ ಅಂತ ಪೇಪರಿಗೆ ಹೇಳಿದಾಕಿ ನಾನ. ಯಂತ್ರ ಹಚ್ಚಿ ಹುಡುಕಬ್ಯಾಡ್ರಿ, ಕರೆಂಟು ಸುಮ್ನ ಹೋಗತೈತಿ. ಮನ್ಯಾಗ ಆಡಿದ್ದು ಮನ್ಯಾಗಿರ್ತೈತಿ. ಚೌಕದಾಗ ಆಡೂದನ್ನ ಎಷ್ಟು ಬೇಕಷ್ಟು ಕೇಳ್ರಿ, ಬರಕೋಳ್ರಿ. ಇನ್ನ ಈಕಿ ಮಾತಾಡ್ತಾಳ."

"ನಾ ಚಾಂದಬೀ," ಎಂದಿತು ಇನ್ನೊಂದು ದನಿ. "ಗಾದಿ ಹೊಲಿಯಾಕಿ. ಕೌಜಲಗಿ ಸಾಹೇಬ್ರ, ನಿಮ್ಮನಿ ಗಾದಿ ನಾನ ಹೊಲದಿದ್ದು. ಲೇಔಟಿನ ನಿಮ್ಮನಿ ನಳದಾಗ ಆವತ್ತೂ ನೀರಿತ್ತು, ಮರುದಿನಾನೂ ಇತ್ತು."

ಮೂರನೆಯವಳು ತನ್ನ ಹೆಸರು ಹೇಳಿದಳು, ಮನೆಯ ಗುರುತು ಹೇಳಿದಳು, ಕೂಸಿಗೆ ಭೇದಿಯಾದದ್ದನ್ನು ಹೇಳಿದಳು. ರಿಯಾಜ್ ಇನ್ನೊಂದು ಚೌಕ ಒತ್ತಿದ. ಅಲ್ಲಿಯೂ ಒಬ್ಬ ಮುದುಕ ತನ್ನ ಹೆಸರು ಹೇಳುತ್ತಿದ್ದ. ಮತ್ತೊಂದು ಚೌಕ. ಮತ್ತೊಂದು. ಎಲ್ಲ ಕಡೆ ಮಂದಿ ಸಾಲುಗಟ್ಟಿ ನಿಂತಿದ್ದರು. ಕೆಲವರು ಬೈದರು. ಒಬ್ಬಳು ಬೀಸುವ ಪದದ ಧಾಟಿಯಲ್ಲಿ ಕೌಜಲಗಿಯ ಮೇಲೆ ಹಾಡು ಕಟ್ಟಿ ಹಾಡಿದಳು. ಸುತ್ತಲಿದ್ದವರು ಸೊಲ್ಲು ಹಿಡಿದು ನಕ್ಕರು. ಗುರುವಾರ ಸಂಜೆ ಕೇಳಿದ ಊರೇ ಇದು, ಆದರೆ ಅಂದು ಅದು ನಿದ್ದೆಯಲ್ಲಿ ಮಾತಾಡುತ್ತಿತ್ತು, ಇಂದು ಎದ್ದು ಕೂತು ಹೆಸರು ಹಿಡಿದು ಮಾತಾಡುತ್ತಿದೆ ಎನಿಸಿತು ಇಂದುಮತಿಗೆ.

ಕಾರ್ಯದರ್ಶಿ ಕೊನೆಯವರೆಗೂ ಕೂತು ಕೇಳಿದರು. ಮುಖದಲ್ಲಿ ಏನೂ ಕಾಣಲಿಲ್ಲ. ಎದ್ದು ನಿಂತು, "ಇವರಿಗೆ ಹೇಳಿದ್ದು ಯಾರು?" ಎಂದರು.

"ನಾನ್ರಿ ಮೇಡಂ," ಎಂದಳು ಇಂದುಮತಿ.

"ನಿಮ್ಮ ಅತ್ತೆ ಮಾತು ಕೇಳಿಸ್ತೀನಿ ಅಂದಿದ್ರಲ್ಲ ಕೌಜಲಗಿ, ಮೊದಲು ಮಾತಾಡಿದವರೇನಾ ಅವರು?"

"ಹೌದ್ರಿ."

"ಗಟ್ಟಿ ದನಿ," ಎಂದರು ಕಾರ್ಯದರ್ಶಿ. "ಎಲ್ಲ ಬರವಣಿಗೆಯಲ್ಲಿ ಕಳಿಸಿ, ಕೌಜಲಗಿ." ಅಷ್ಟೇ ಹೇಳಿ ಕಾರು ಹತ್ತಿದರು.

ಇಂದುಮತಿಯನ್ನು ಆ ವಾರವೇ ಮೀಟರ್ ವಿಭಾಗಕ್ಕೆ ವರ್ಗ ಮಾಡಿದರು. ಫಕೀರವ್ವ ಗುರುವಾರ ಊಟಕ್ಕೆ ಕೂತಾಗ ಮಗನಿಗೆ ಕಣ್ಣಿನ ವಿಷಯ ತಾನೇ ಹೇಳಿದಳು. ಹೇಳುವಾಗ ಇಂದುಮತಿ ಮೊದಲ ಸಲ ಕೇಳುವವಳಂತೆ ಕೇಳಿದಳು. ಪೊರೆ ಎಂದು ಡಾಕ್ಟರು ಹೇಳಿದರು. ಶಸ್ತ್ರಚಿಕಿತ್ಸೆಗೆ ದಿನ ಕೊಟ್ಟರು.

ಸಂಗ್ರಹದ ಮಂಜೂರಾತಿ ಕೇಳಿದ ಕಡತ ಮುಂದಿನ ತಿಂಗಳು ಬೆಂಗಳೂರಿನಿಂದ ಹಿಂದಿರುಗಿತು. ಖಾಸಗಿತನದ ಬಗ್ಗೆ ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ. ಜನ ನಲ್ಲಿ ಮುಚ್ಚಿಕೊಂಡರೆ ಈ ವೆಚ್ಚದಿಂದ ಪ್ರಯೋಜನವೇನು ಎಂದು ಅಂಚಿನಲ್ಲಿ ಕೇಳಿತ್ತು. ಕೌಜಲಗಿ ಅದಕ್ಕೆ ಉತ್ತರ ಬರೆಯಲಿಲ್ಲ.

ಹೂಗಾರ ಓಣಿಗೆ ನೀರು ಬಂದದ್ದು ಕಾರ್ಯದರ್ಶಿ ಹೋದ ಮರುದಿನ, ಮಂಗಳವಾರ, ಬೆಳಗಿನ ಹತ್ತರ ಸುಮಾರಿಗೆ. ಸರದಿಯಲ್ಲಿದ್ದವಳು ತಾಟು ಬಾರಿಸಿದಳು. ಯಾವ ಮನೆಗೂ ನೀರು ತಪ್ಪಲಿಲ್ಲ.